ಕಲ್ಲಿಗೂ ಕಂಪ್ಯೂಟರಿಗೂ ನೆರಿಗೆ ಹಿಡಿಸಿದ ಕತೆ

ಬಟ್ಟೆ ಒಂದೇ ಆದರೂ ಅದರ ಮೇಲೆ ಬೀಳುವ ಗೆರೆಗಳಿಗೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಸೀರೆ ಉಡುವಾಗ ಬೆರಳಲ್ಲಿ ಹಿಡಿದು ಮಾಡುವುದು ನೆರಿಗೆ. ಪೆಟ್ಟಿಗೆಯಿಂದ ತೆಗೆದಾಗ ಕಾಣುವುದು ಮಡಿಕೆ. ಬಸ್ಸಿನಲ್ಲಿ ನಾಲ್ಕು ತಾಸು ಕೂತು ಎದ್ದ ಮೇಲೆ ಮೊಣಕಾಲಿನ ಹಿಂದೆ ಆಗಿರುವುದು ಸುಕ್ಕು. ನೆರಿಗೆ ಮಾಡಿದ್ದು ಕೈ, ಮಡಿಕೆ ಮಾಡಿದ್ದು ಇಸ್ತ್ರಿ, ಸುಕ್ಕು ಮಾಡಿದ್ದು ಮೈ. ಬಟ್ಟೆಯ ಮೇಲೆ ಕಾರಣವಿಲ್ಲದೆ ಒಂದು ಗೆರೆಯೂ ಬೀಳುವುದಿಲ್ಲ ಅಂತ ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತೆ.

ಈ ಗೆರೆಗಳನ್ನು ಕಲ್ಲಿನಲ್ಲಿ, ಲೋಹದಲ್ಲಿ, ಈಗ ಕಂಪ್ಯೂಟರಿನ ಪರದೆಯ ಮೇಲೆ ತರಲು ಮನುಷ್ಯ ಎರಡು ಸಾವಿರ ವರ್ಷಗಳಿಂದ ಒದ್ದಾಡುತ್ತಿದ್ದಾನೆ. ಇವತ್ತು ಅದರ ಕತೆ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡೇ ಕೂತುಕೊಳ್ಳಿ.

ಜೀಡಿಮೆಟ್ಲಾದಲ್ಲಿ ಕೂತು ಇದನ್ನು ಯಾಕೆ ಬರೆಯುತ್ತಿದ್ದೀನಿ ಅಂತ ಕೇಳಬಹುದು. ಹೈದರಾಬಾದಿನ ಉತ್ತರಕ್ಕಿರುವ ಈ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಕಾರ್ಖಾನೆಗಳ ಜೊತೆಗೆ ಲೇತ್, ಮೋಲ್ಡಿಂಗ್, ಫ್ಯಾಬ್ರಿಕೇಶನ್ ಶೆಡ್ಡುಗಳೂ ಇವೆ. ಪಕ್ಕದ ಬಾಲಾನಗರದಲ್ಲಿ 1968ರಲ್ಲಿ ಶುರುವಾದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ ಇದೆ. ಬೀದರ, ಕಲಬುರಗಿ ಕಡೆಯಿಂದ ಬಂದ ನಮ್ಮಂಥವರ ತಲೆಮಾರು ಡ್ರಾಯಿಂಗ್ ನೋಡಿ ಲೋಹ ಕೊರೆಯಿತು. ಈಗ ನಮ್ಮ ಕಾಲೊನಿಗಳ ಹುಡುಗರು ಕಂಪ್ಯೂಟರಿನಲ್ಲೇ ಮನುಷ್ಯಾಕೃತಿ ಕೆತ್ತುತ್ತಾರೆ. ಗೇಮಿಗೆ, ಸಿನಿಮಾಕ್ಕೆ, ಆಟಿಕೆಗೆ, ಪ್ರತಿಮೆಯ ಮಾದರಿಗೆ. ಅವರ ಬಾಯಲ್ಲಿ ಬರುವ ದೂರು ಒಂದೇ: "ಮುಖ ಬರುತ್ತೆ, ಕೈಕಾಲು ಬರುತ್ತೆ, ಅಂಗಿ ಮಾತ್ರ ರಬ್ಬರಿನ ಹಾಗೆ ಕಾಣುತ್ತೆ ಅಂಕಲ್." ಅದಕ್ಕೆ ಇನ್ನಷ್ಟು ಗೆರೆ ಹಾಕುತ್ತಾರೆ. ಆಗ ಅದು ಅಂಗಿಯ ಬದಲು ಒಣದ್ರಾಕ್ಷಿಯ ಹಾಗೆ ಕಾಣುತ್ತೆ!

ಈ ದೂರಿಗೆ ಉತ್ತರ ತಂತ್ರಾಂಶದ ಕೈಪಿಡಿಗಿಂತ ಹೆಚ್ಚಾಗಿ ಇತಿಹಾಸದಲ್ಲಿದೆ ಅನ್ನುವುದು ನನ್ನ ವಾದ. ಯಾಕೆಂದರೆ ಶಿಲ್ಪದಲ್ಲಿ ಬಟ್ಟೆಯ ಇತಿಹಾಸ ಅಂದರೆ ಯಾವ ಗೆರೆ ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನುವ ತೀರ್ಮಾನಗಳ ಇತಿಹಾಸ.

ಬುದ್ಧನ ಚೀವರದಿಂದ ಶುರು ಮಾಡೋಣ. ಒಬ್ಬನೇ ಬುದ್ಧ, ಉಟ್ಟಿದ್ದು ಮೈಗೆ ಹೊದೆಯುವ ಬಟ್ಟೆ. ಆದರೆ ಅದನ್ನು ಒಂದೊಂದು ಊರಿನವರು ಒಂದೊಂದು ರೀತಿ ಕಂಡರು. ಇವತ್ತಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಗಾಂಧಾರದಲ್ಲಿ ಗ್ರೀಕ್, ರೋಮನ್ ಪ್ರಭಾವವಿತ್ತು. ಅಲ್ಲಿನ ಬುದ್ಧ ಎರಡೂ ಭುಜ ಮುಚ್ಚಿಕೊಂಡು ದಪ್ಪ ಬಟ್ಟೆ ಹೊದ್ದಿದ್ದಾನೆ. ಮಡಿಕೆಗಳು ಆಳವಾಗಿ, ನೆರಳು ಕಟ್ಟುವ ಹಾಗೆ ಇವೆ. ಚಳಿಯ ಸೀಮೆ ಅಲ್ಲವೇ. ಮಥುರೆಗೆ ಬಂದರೆ ಬಟ್ಟೆ ತೆಳ್ಳಗಾಗುತ್ತೆ, ಮೈ ಎದ್ದು ಕಾಣುತ್ತೆ. ಗುಪ್ತರ ಕಾಲಕ್ಕೆ ಮಥುರೆಯವರು ಮಡಿಕೆಗಳನ್ನು ದಾರ ಎಳೆದ ಹಾಗೆ ಸಮವಾಗಿ ತೋರಿಸಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅಂದರೆ ಐದನೇ ಶತಮಾನದಲ್ಲಿ, ಸಾರನಾಥದ ಶಿಲ್ಪಿಗಳು ಒಂದು ಮಡಿಕೆಯನ್ನೂ ಕೆತ್ತಲಿಲ್ಲ! ಕೊರಳ ಬಳಿ, ಮಣಿಕಟ್ಟಿನ ಬಳಿ, ಕಾಲ ಬಳಿ ಬಟ್ಟೆಯ ಅಂಚು ಮಾತ್ರ ತೋರಿಸಿದರು. ಅಷ್ಟಕ್ಕೇ ಆತ ಬಟ್ಟೆ ಹೊದ್ದಿದ್ದಾನೆ ಅಂತ ನಮ್ಮ ಕಣ್ಣು ಒಪ್ಪಿಬಿಡುತ್ತೆ.

ನಮ್ಮ ಕೃಷ್ಣಾ ಕಣಿವೆಯವರು, ಅಮರಾವತಿ, ನಾಗಾರ್ಜುನಕೊಂಡದವರು, ಮೂರನೇ ದಾರಿ ಹಿಡಿದರು. ಬಲಭುಜ ಬರಿದು. ಎಡಭುಜದಿಂದ ಇಳಿಯುವ ಗೆರೆಗಳು ಓರೆಯಾಗಿ, ಒಂದರ ಕೆಳಗೆ ಒಂದು. ಕೆಳಗಡೆ ಬಟ್ಟೆಯ ಅಂಚು ಮಾತ್ರ ದಪ್ಪ ಹಗ್ಗದ ಹಾಗೆ ಸುತ್ತಿ ಬಂದಿರುತ್ತೆ. ಆ ದಪ್ಪ ಅಂಚು ನೋಡಿದರೆ ಸಾಕು, ಇದು ಆಂಧ್ರದ ಬುದ್ಧ ಅಂತ ಹೇಳಿಬಿಡಬಹುದು. ಬಟ್ಟೆಯ ಭಾರವನ್ನೆಲ್ಲ ಆ ಒಂದು ಅಂಚಿಗೆ ಹೊರಿಸಿ, ಉಳಿದ ಕಡೆ ಗೆರೆಗಳನ್ನು ಹಗುರ ಮಾಡಿದ್ದಾರೆ.

ಈ ಶೈಲಿ ಕನ್ನಡ ನೆಲಕ್ಕೂ ದೂರದ್ದಲ್ಲ. ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸ್ತೂಪದ ಸುಣ್ಣಕಲ್ಲಿನ ಫಲಕಗಳು ಸಿಕ್ಕವು. ಅದರಲ್ಲಿ ಒಂದರ ಮೇಲೆ "ರಾಯೋ ಅಸೋಕೋ" ಅಂತ ಬ್ರಾಹ್ಮಿಯಲ್ಲಿ ಬರೆದಿದೆ. ಅಶೋಕನ ಹೆಸರು ಬರೆದೇ ತೋರಿಸಿದ ಶಿಲ್ಪ ಸಿಕ್ಕಿದ್ದು ನಮ್ಮ ಚಿತ್ತಾಪುರ ತಾಲೂಕಿನಲ್ಲಿ. ಅಮರಾವತಿ ಮತ್ತು ಸನ್ನತಿಯ ಕೆಲಸ ಒಂದೇ ಮನೆತನದ್ದು ಅನ್ನಬಹುದು. ಎರಡೂ ಕಡೆ ಸುಣ್ಣಕಲ್ಲು, ಎರಡೂ ಕಡೆ ಗೆರೆಯ ಮಿತವ್ಯಯ.

ಇನ್ನು ಕನ್ನಡಿಗರ ಒಂದು ದೊಡ್ಡ ಶಿಲ್ಪಕ್ಕೆ ಬರೋಣ. ಅದಕ್ಕೆ ಬಟ್ಟೆಯೇ ಇಲ್ಲ! ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ ಶ್ರವಣಬೆಳಗೊಳದ ಗೊಮ್ಮಟ, ಸುಮಾರು 57 ಅಡಿ. ಬಟ್ಟೆ ಇಲ್ಲದ್ದರಿಂದ ಕೆಲಸ ಸುಲಭ ಅಂದುಕೊಳ್ಳಬೇಡಿ. ಬಟ್ಟೆ ಶಿಲ್ಪಿಗೆ ಎರಡು ಉಪಕಾರ ಮಾಡುತ್ತೆ. ಒಂದು, ಮೈಯ ತಪ್ಪುಗಳನ್ನು ಮುಚ್ಚುತ್ತೆ. ಎರಡು, ಕಣಕಾಲಿನಂಥ ಸಣ್ಣ ಜಾಗಕ್ಕೆ ಆಸರೆ ಆಗುತ್ತೆ. ಅಮೃತಶಿಲೆಯ ಪ್ರತಿಮೆಗಳಲ್ಲಿ ಕಾಲ ಪಕ್ಕ ಬಟ್ಟೆ ಇಳಿಬಿದ್ದಿದ್ದರೆ, ಇಲ್ಲವೇ ಮರದ ಬೊಡ್ಡೆ ನಿಂತಿದ್ದರೆ, ಅದು ಎಷ್ಟೋ ಸಲ ಭಾರ ಹೊರುವ ಕಂಬ. ಗೊಮ್ಮಟನಿಗೆ ಆ ಕೆಲಸವನ್ನು ತೊಡೆಯವರೆಗೆ ಎದ್ದ ಹುತ್ತ ಮಾಡುತ್ತೆ. ಕಾಲು, ತೋಳು ಸುತ್ತಿದ ಬಳ್ಳಿಯ ಕೆಲಸವೂ ಗಮನಿಸಿ. ತೋಳು ಗುಂಡಗಿದೆ ಅಂತ ತೋರಿಸುವುದು ಅದನ್ನು ಬಳಸಿ ಹೋಗುವ ಗೆರೆ. ಬೇರೆ ಶಿಲ್ಪಗಳಲ್ಲಿ ತೋಳಿನ ಮೇಲಿನ ಮಡಿಕೆ ಇದನ್ನೇ ಮಾಡುತ್ತೆ. ಬಟ್ಟೆ ಇಲ್ಲದೆಯೂ ಮಡಿಕೆಯ ಪಾಠ ಅಲ್ಲಿದೆ.

ಬೇಲೂರಿನವರ ದಾರಿ ಪೂರ್ತಿ ಬೇರೆ. 1117ರ ಆ ದೇವಾಲಯದ ಕಲ್ಲು ಬಳಪದ ಕಲ್ಲು, ಮೃದು. ಬೇಕಾದಷ್ಟು ಸೂಕ್ಷ್ಮ ಮಾಡಬಹುದಿತ್ತು, ಮಾಡಿದರೂ ಸಹ. ಆದರೆ ಎಲ್ಲಿ? ಒಡವೆಯಲ್ಲಿ, ಕೇಶದಲ್ಲಿ, ಮೇಲಿನ ಬಳ್ಳಿಚಪ್ಪರದಲ್ಲಿ. ಮದನಿಕೆಯರ ಬಟ್ಟೆ ಮಾತ್ರ ಮೈಗಂಟಿದ ತೆಳು ಪೊರೆ, ಅಂಚು ಕಂಡರೆ ಉಂಟು ಇಲ್ಲವಾದರೆ ಇಲ್ಲ. ಕೋತಿಯೊಂದು ಬಟ್ಟೆ ಹಿಡಿದೆಳೆಯುವ ಮದನಿಕೆಯಲ್ಲಿ ಎಳೆತ ಬಂದ ಕಡೆ ಬಟ್ಟೆ ತಾನಾಗಿ ಮಾತಾಡುತ್ತೆ. ಕಾರಣ ಇದ್ದಲ್ಲಿ ಗೆರೆ, ಇಲ್ಲದಲ್ಲಿ ನುಣುಪು. ಅಂದಹಾಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಈ ಹೆಸರಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಇಲ್ಲಿಂದ ಏಳೂವರೆ ಶತಮಾನ ದಾಟಿ ಮತ್ತೆ ಹೈದರಾಬಾದಿಗೆ. ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಜನ ಮುತ್ತುವ "ಮುಸುಕಿನ ರೆಬೆಕಾ" ನೋಡದವರು ಕಡಿಮೆ. ನಿಜಾಮರ ದಿವಾನರಾಗಿದ್ದ ಮೊದಲನೇ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡ ಅಮೃತಶಿಲೆ. ಮಾಡಿದವನು ಜೊವಾನ್ನಿ ಮರಿಯಾ ಬೆಂಜೋನಿ, 1873ರಲ್ಲಿ ತೀರಿಕೊಂಡ ಇಟಲಿಯ ಶಿಲ್ಪಿ. ಮದುವೆಯಾಗಬೇಕಾದ ಐಸಾಕನನ್ನು ದೂರದಿಂದ ಕಂಡು ರೆಬೆಕಾ ಮುಸುಕು ಎಳೆದುಕೊಂಡಳು ಅನ್ನುವುದು ಬೈಬಲಿನ ಕತೆ. ಮುಸುಕಿನೊಳಗಿಂದ ಮೂಗು, ತುಟಿ, ರೆಪ್ಪೆ ಕಾಣುತ್ತವೆ. "ಕಲ್ಲನ್ನು ಅಷ್ಟು ತೆಳ್ಳಗೆ ಹೇಗೆ ಕೊರೆದರು?" ಅಂತ ಜನ ಬಾಯಿ ಬಿಡುತ್ತಾರೆ.

ಗುಟ್ಟು ಏನೆಂದರೆ, ಅಲ್ಲಿ ತೆಳು ಪದರವೇ ಇಲ್ಲ. ಮುಸುಕಿನ ಹಿಂದೆ ಇನ್ನೊಂದು ಮುಖವೂ ಇಲ್ಲ. ಇರುವುದು ಒಂದೇ ಮೈ, ಒಂದೇ ಕಲ್ಲು. ಶಿಲ್ಪಿ ಮುಖವನ್ನು ಸ್ವಲ್ಪ ಮಬ್ಬು ಮಾಡಿ ಕೆತ್ತಿ, ಅದರ ಮೇಲೆ ಅಲ್ಲಲ್ಲಿ ಕೆಲವೇ ಕೆಲವು ಸಣ್ಣ ಏಣು ಉಳಿಸುತ್ತಾನೆ. ಆ ಏಣು ಮೂಗನ್ನು ಹಾಯ್ದು, ಕೆನ್ನೆಯ ಮೇಲೆ ಇಳಿದು ಹೋಗುತ್ತೆ. ಏಣು ಕಂಡ ಕಣ್ಣು "ಇದು ಬಟ್ಟೆ" ಅನ್ನುತ್ತೆ. ಎರಡು ಏಣುಗಳ ನಡುವಿನ ನುಣುಪು ಜಾಗ ಕಂಡು "ಇದು ಚರ್ಮ" ಅನ್ನುತ್ತೆ. ಬೆಳಕನ್ನು ಸ್ವಲ್ಪ ಒಳಗೆ ಬಿಟ್ಟುಕೊಳ್ಳುವ ಅಮೃತಶಿಲೆಯ ಗುಣವೂ ಸಹಾಯಕ್ಕೆ ಬರುತ್ತೆ. ಏಣುಗಳು ಹೆಚ್ಚಾದರೆ ಮುಖ ಮಾಯ, ಕಡಿಮೆಯಾದರೆ ಮುಸುಕು ಮಾಯ. ಇಡೀ ವಿದ್ಯೆ ಇರುವುದು ಆ ಲೆಕ್ಕದಲ್ಲಿ.

ಈ ವಿದ್ಯೆ ಬೆಂಜೋನಿಯೇ ಕಂಡುಹಿಡಿದದ್ದಲ್ಲ. ನೇಪಲ್ಸಿನಲ್ಲಿ 1753ರಲ್ಲಿ ಸಾನ್‌ಮಾರ್ತಿನೋ ಮಾಡಿದ "ಮುಸುಕಿನ ಕ್ರಿಸ್ತ" ಇದೆ. ಅದನ್ನು ನೋಡಿದ ಜನ ನಿಜವಾದ ಬಟ್ಟೆಯನ್ನೇ ರಸವಿದ್ಯೆಯಿಂದ ಕಲ್ಲಾಗಿಸಿದ್ದಾರೆ ಅಂತ ಕತೆ ಕಟ್ಟಿದರು. ಕತೆ ಸುಳ್ಳು, ಅದೂ ಒಂದೇ ಕಲ್ಲು. ಆದರೆ ಕತೆ ಹುಟ್ಟಿದ ಕಾರಣ ಕುತೂಹಲದ್ದು: ಇಷ್ಟೊಂದು ನಿಜವೆನ್ನಿಸುವುದನ್ನು ಮನುಷ್ಯನ ಕೈ ಮಾಡಿತು ಅಂತ ನಂಬುವುದಕ್ಕಿಂತ, ಯಾವುದೋ ಯಂತ್ರ, ಯಾವುದೋ ಮಂತ್ರ ಮಾಡಿತು ಅಂತ ನಂಬುವುದು ಜನಕ್ಕೆ ಆಗಲೂ ಸುಲಭವಾಗಿತ್ತು.

ಯಂತ್ರ ಇರಲೇ ಇಲ್ಲ ಅಂತಲೂ ಅಲ್ಲ. ಹತ್ತೊಂಬತ್ತನೇ ಶತಮಾನದ ರೋಮಿನ ಕಾರ್ಯಾಗಾರಗಳಲ್ಲಿ ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಮಾಡುತ್ತಿದ್ದ. ಅದರಿಂದ ಪ್ಲಾಸ್ಟರ್ ಅಚ್ಚು. ಆ ಪ್ಲಾಸ್ಟರಿನ ಮೇಲೆ ಸಣ್ಣ ಮೊಳೆ ಹೊಡೆದು ಚುಕ್ಕಿ ಗುರುತು. ಒಂದೊಂದು ಚುಕ್ಕಿಯ ಆಳವನ್ನೂ ಅಳತೆಯ ಸಲಾಕೆಯಿಂದ ಕಲ್ಲಿಗೆ ಇಳಿಸಿ, ಅಲ್ಲಿಯವರೆಗೆ ಕೊರೆಯುವುದು ಕೂಲಿ ಶಿಲ್ಪಿಗಳ ಕೆಲಸ. ಕಾನೋವಾ (1757–1822) ಎಂಬ ದೊಡ್ಡ ಶಿಲ್ಪಿಯ ಪ್ಲಾಸ್ಟರ್ ಮಾದರಿಗಳು ಅವನ ಊರು ಪೊಸ್ಸಾನ್ಯೋದಲ್ಲಿ ಈಗಲೂ ಮೈತುಂಬ ಮೊಳೆ ಚುಚ್ಚಿಸಿಕೊಂಡು ನಿಂತಿವೆ. ಟೂಲ್ ರೂಮಿನವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಇದು ಎಕ್ಸ್, ವೈ, ಝೆಡ್ ಅಲ್ಲದೆ ಇನ್ನೇನು? ಆಕೃತಿಯನ್ನು ಚುಕ್ಕಿಗಳಾಗಿ ಒಡೆದು ಬೇರೆ ಕಡೆ ಮತ್ತೆ ಜೋಡಿಸುವ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಒಂದೇ ರೆಬೆಕಾಗೆ ಹಲವು ಪ್ರತಿಗಳಿರುವುದೂ, ಅಮೆರಿಕದ ಅಟ್ಲಾಂಟಾ, ಡೆಟ್ರಾಯಿಟ್ ಮ್ಯೂಸಿಯಮ್ಮುಗಳಲ್ಲೂ ಅವಳ ತಂಗಿಯರು ಇರುವುದೂ ಈ ಪದ್ಧತಿಯಿಂದಲೇ ಸಾಧ್ಯವಾಗಿದ್ದು.

ಹಾಗಾದರೆ ಗೆರೆಗಳನ್ನು ಆರಿಸುವ ವಿದ್ಯೆ ಕಲಿಯುವುದು ಹೇಗೆ? ಹದಿನೈದನೇ ಶತಮಾನದ ಫ್ಲಾರೆನ್ಸಿನಲ್ಲಿ ಲಿಯೊನಾರ್ಡೊ ಹುಡುಗನಾಗಿದ್ದಾಗ ಮಾಡುತ್ತಿದ್ದುದನ್ನು ವಸಾರಿ ಬರೆದಿಟ್ಟಿದ್ದಾನೆ. ಬಟ್ಟೆಯನ್ನು ತೆಳು ಜೇಡಿಮಣ್ಣಿನ ನೀರಲ್ಲಿ ಅದ್ದಿ, ಮಣ್ಣಿನ ಬೊಂಬೆಯ ಮೇಲೆ ಹೊದಿಸುತ್ತಿದ್ದನಂತೆ. ಬಟ್ಟೆ ಬಿದ್ದ ಹಾಗೆಯೇ ಗಟ್ಟಿಯಾಗುತ್ತೆ. ಆಮೇಲೆ ಅದನ್ನು ನೋಡಿ ನೋಡಿ ಚಿತ್ರ ಬರೆಯುವುದು. ಇವತ್ತಿನ ಹುಡುಗರು ಕಂಪ್ಯೂಟರಿನಲ್ಲಿ "ಕ್ಲಾತ್ ಸಿಮ್ಯುಲೇಶನ್" ಓಡಿಸಿ, ಬಟ್ಟೆ ಬಿದ್ದಮೇಲೆ ನಿಲ್ಲಿಸುತ್ತಾರಲ್ಲ, ಅದೇ ಕೆಲಸ. ಆದರೆ ಲಿಯೊನಾರ್ಡೊ ಅಲ್ಲಿಗೆ ನಿಲ್ಲಲಿಲ್ಲ. ಅದನ್ನು ಚಿತ್ರವಾಗಿ ಬರೆಯುವಾಗ ಪ್ರತಿ ಮಡಿಕೆಯನ್ನೂ ಕಣ್ಣಿಂದ ಮತ್ತೆ ಒಮ್ಮೆ ಹಾಯಬೇಕಾಗಿತ್ತು.

ಹಾಗೆ ನೋಡಿದವರಿಗೆ ಸಿಕ್ಕ ನಿಯಮ ಬಹಳ ಸರಳ. ಬಟ್ಟೆಗೆ ಮೂರೇ ಸಂಗತಿ ಗೊತ್ತು: ಎಲ್ಲಿ ಸಿಕ್ಕಿಕೊಂಡಿದೆ, ಯಾವ ಕಡೆ ಎಳೆಯಲಾಗಿದೆ, ಎಲ್ಲಿ ಜೋತಿದೆ. ಗೂಟಕ್ಕೆ ಟವೆಲ್ ನೇತು ಹಾಕಿ. ಗೂಟದಿಂದ ಮಡಿಕೆಗಳು ಕೊಳವೆಯ ಹಾಗೆ ಹೊರಟು ಕೆಳಗೆ ಅಗಲವಾಗುತ್ತವೆ. ಎರಡು ಗೂಟಕ್ಕೆ ಸಡಿಲವಾಗಿ ಕಟ್ಟಿ, ನಡುವೆ ತೊಟ್ಟಿಲಿನ ಹಾಗೆ ಜೋಲುತ್ತೆ. ತುಂಬು ತೋಳಿನ ಅಂಗಿ ಹಾಕಿ ಮೊಣಕೈ ಮಡಚಿ, ಒಳಗಡೆ ಬಟ್ಟೆ ಒತ್ತಿಕೊಂಡು ಅಂಕುಡೊಂಕಾಗುತ್ತೆ, ಹೊರಗಡೆ ಬಿಗಿಯಾಗಿ ಗೆರೆಯೇ ಇರುವುದಿಲ್ಲ. ಅಮೆರಿಕದ ಚಿತ್ರಕಲೆ ಮೇಷ್ಟ್ರು ಜಾರ್ಜ್ ಬ್ರಿಡ್ಜ್‌ಮನ್ ಇದನ್ನೆಲ್ಲ ಏಳು ಬಗೆಯಾಗಿ ವಿಂಗಡಿಸಿ 1942ರಲ್ಲಿ ಒಂದು ಪುಸ್ತಕವನ್ನೇ ಬರೆದ: ಕೊಳವೆ, ಅಂಕುಡೊಂಕು, ಸುರುಳಿ, ಅರ್ಧ ಮಡಚು, ಜೋಲು, ಇಳಿಬೀಳು, ಮತ್ತೆ ನೆಲದ ಮೇಲೆ ಸುಮ್ಮನೆ ಬಿದ್ದ ಮುದ್ದೆ. ಡಿಜಿಟಲ್ ಶಿಲ್ಪ ಕಲಿಸುವವರು ಇವತ್ತಿಗೂ ಈ ಏಳನ್ನೇ ಹೇಳಿಕೊಡುತ್ತಾರೆ.

ಈಗ ಕಂಪ್ಯೂಟರ್. ಅದರೊಳಗಿನ ಆಕೃತಿ ಅಂದರೆ ಚುಕ್ಕಿಗಳು, ಚುಕ್ಕಿ ಸೇರಿಸಿದ ಸಣ್ಣ ಸಣ್ಣ ಮುಖಗಳು. ಅವಕ್ಕೆ ಪಾಲಿಗನ್ ಅಂತ ಹೆಸರು. ಪೆಟ್ಟಿಗೆ, ಚೆಂಡು, ಕಾರು ಬೇಗ ಬಂದವು. ಬಟ್ಟೆ ಸತಾಯಿಸಿತು. 1987ರಲ್ಲಿ ಟೆರ್ಜೊಪೌಲಸ್ ಮತ್ತು ಜೊತೆಗಾರರು ಬಗ್ಗುವ, ಎಳೆಯುವ ವಸ್ತುಗಳನ್ನು ಭೌತಶಾಸ್ತ್ರದ ಸಮೀಕರಣದಿಂದಲೇ ಆಡಿಸುವ ದಾರಿ ತೋರಿಸಿದರು. ಸರಳವಾಗಿ ಹೇಳುವುದಾದರೆ, ಬಟ್ಟೆಯನ್ನು ಹಳೇ ಕಾಲದ ಸ್ಪ್ರಿಂಗ್ ಮಂಚದ ಜಾಲರಿ ಅಂತ ತಿಳಿಯಿರಿ. ಪ್ರತಿ ಚುಕ್ಕಿಯೂ ಪಕ್ಕದ ಚುಕ್ಕಿಗೆ ಸ್ಪ್ರಿಂಗಿನಿಂದ ಕಟ್ಟಿದೆ. ಎಳೆದರೆ ಎಷ್ಟು ಹಿಗ್ಗಬೇಕು, ಮಡಚಿದರೆ ಎಷ್ಟು ಎದುರಾಡಬೇಕು ಅನ್ನುವ ಸಂಖ್ಯೆ ಬದಲಿಸಿದರೆ ರೇಷ್ಮೆ ಖಾದಿಯಾಗುತ್ತೆ, ಖಾದಿ ಜೀನ್ಸ್ ಆಗುತ್ತೆ. 1997ರಲ್ಲಿ ಪಿಕ್ಸಾರ್ "ಗೆರೀಸ್ ಗೇಮ್" ಅನ್ನುವ ಪುಟ್ಟ ಚಿತ್ರ ಮಾಡಿತು. ಚದುರಂಗ ಆಡುವ ಮುದುಕನ ಕೋಟು ಅದರಲ್ಲಿ ಲೆಕ್ಕದ ಪ್ರಕಾರವೇ ಮಡಚಿಕೊಂಡಿತು. ಮರುವರ್ಷ ಬ್ಯಾರಫ್ ಮತ್ತು ವಿಟ್ಕಿನ್ ಎಂಬಿಬ್ಬರು ಈ ಲೆಕ್ಕವನ್ನು ದೊಡ್ಡ ದೊಡ್ಡ ಹೆಜ್ಜೆಯಲ್ಲಿ, ಕೆಡದಂತೆ ಮುಗಿಸುವ ವಿಧಾನ ಪ್ರಕಟಿಸಿದರು. ಸಿನಿಮಾ ಬಟ್ಟೆಗೆ ಅಲ್ಲಿಂದ ದಾರಿ ಸಲೀಸಾಯಿತು.

ಇನ್ನೊಂದು ಕಡೆಯಿಂದ ಕೆತ್ತನೆ ಬಂತು. 1999ರಲ್ಲಿ ಪಿಕ್ಸೊಲಾಜಿಕ್ ಕಂಪನಿ ಝೀಬ್ರಷ್ ತೋರಿಸಿತು. 2004ರ ಎರಡನೇ ಆವೃತ್ತಿಯ ಹೊತ್ತಿಗೆ ಪೆನ್ನು ಹಿಡಿದು ಪರದೆಯ ಮೇಲೆ ಮಣ್ಣು ತಿದ್ದಿದ ಹಾಗೆ ಆಕೃತಿ ತಿದ್ದುವುದು ಸಿನಿಮಾದವರಿಗೆ ರೂಢಿಯಾಯಿತು. ಚುಕ್ಕಿ ಹಿಡಿದು ಎಳೆಯುತ್ತಿದ್ದವರಿಗೆ ಮತ್ತೆ ಉಬ್ಬು, ತಗ್ಗು, ಏಣು ಅನ್ನುವ ಶಿಲ್ಪಿಯ ಮಾತು ಬಂತು. ಬೆಲೆ ಕೊಡಲಾಗದ ಹುಡುಗರಿಗೆ ಬ್ಲೆಂಡರ್ ಎಂಬ ಪುಕ್ಕಟೆ ತಂತ್ರಾಂಶ ಸಿಕ್ಕಿತು. 2007ರಲ್ಲಿ ಅದಕ್ಕೆ ಕೆತ್ತುವ ಸೌಲಭ್ಯ ಸೇರಿತು. 2020ರಲ್ಲಿ, ಬ್ರಷ್ ಎಳೆದ ಕಡೆ ತಾನೇ ಮಡಿಕೆ ಬೀಳುವ "ಕ್ಲಾತ್ ಬ್ರಷ್" ಕೂಡ ಬಂತು. ಇನ್ನು ಕೊರಿಯಾದ ಮಾರ್ವೆಲಸ್ ಡಿಸೈನರ್‌ನಲ್ಲಿ ಕೆಲಸವೇ ಬೇರೆ. ದರ್ಜಿಯ ಹಾಗೆ ಮುಂಭಾಗ, ಹಿಂಭಾಗ, ತೋಳು ಕತ್ತರಿಸಿ, ಹೊಲಿದು, ಬೊಂಬೆಗೆ ತೊಡಿಸಬೇಕು. ಹೊಲಿಗೆ ಬಲ್ಲವರ ಮನೆಯ ಮಕ್ಕಳು ಇದರಲ್ಲಿ ಮುಂದೆ ಇರುತ್ತಾರೆ ಅಂದರೆ ನನಗೇನೂ ಆಶ್ಚರ್ಯ ಇಲ್ಲ.

ಇಷ್ಟೆಲ್ಲ ಆದಮೇಲೆ ರಬ್ಬರ್ ಅಂಗಿಯ ದೂರು ಯಾಕೆ ಉಳಿಯಿತು? ಯಾಕೆಂದರೆ ಲೆಕ್ಕ ಹಾಕುವ ಯಂತ್ರಕ್ಕೆ ಬಿಡುವುದು ಗೊತ್ತಿಲ್ಲ. ಸ್ಪ್ರಿಂಗಿನ ಲೆಕ್ಕ ಎಲ್ಲ ಮಡಿಕೆಗಳನ್ನೂ ಕೊಡುತ್ತೆ. ಮುಖ್ಯವಾದದ್ದು, ಮುಖ್ಯವಲ್ಲದ್ದು, ಹೊಟ್ಟೆಯ ಮೇಲೆ ಸುಮ್ಮನೆ ಗುಜುಗುಜು ಅನ್ನುವುದು, ಎಲ್ಲಕ್ಕೂ ಅಲ್ಲಿ ಒಂದೇ ಮರ್ಯಾದೆ. ಕೈಯಿಂದ ಕೆತ್ತುವ ಹೊಸಬನದು ಇದರ ತಿರುವು ಮುರುವು. ಅವನಿಗೆ ಎಲ್ಲಿ ಸಿಕ್ಕಿದೆ, ಎಲ್ಲಿ ಎಳೆದಿದೆ ಅಂತ ಗೊತ್ತಿರುವುದಿಲ್ಲ, ಗೆರೆ ಮಾತ್ರ ಗೊತ್ತು. ಆದ್ದರಿಂದ ಉದ್ದಕ್ಕೂ ಒಂದೇ ದಪ್ಪದ, ಒಂದೇ ಅಂತರದ ಗೆರೆ ಎಳೆಯುತ್ತಾನೆ. ಗುಪ್ತರ ಕಾಲದ ಮಥುರೆಯವರೂ ಸಮ ಗೆರೆ ಎಳೆದರಲ್ಲ ಅನ್ನಬಹುದು. ಹೌದು, ಆದರೆ ಅವು ಮೈಯ ಉಬ್ಬು ತಗ್ಗನ್ನು ಹತ್ತಿ ಇಳಿದು ಹೋಗುತ್ತವೆ; ಇವನ ಗೆರೆ ಮೈಯನ್ನೇ ಮರೆತಿರುತ್ತೆ.

ಇದು ಬರೀ ಚೆಂದದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದು ಹೊಟ್ಟೆಪಾಡಿನ ಪ್ರಶ್ನೆ. ಹೈದರಾಬಾದಿನಲ್ಲಿ ಈ ಕಸುಬಿಗೆ ಒಳ್ಳೆಯ ಹೆಸರಿದೆ. 2012ರ "ಈಗ" ಚಿತ್ರದ ನೊಣ ಇಲ್ಲಿನ ಮಕುಟ ಸಂಸ್ಥೆಯಲ್ಲಿ ರೂಪುಗೊಂಡಿತು. ಅಮೆರಿಕದ ರಿದಂ ಆಂಡ್ ಹ್ಯೂಸ್ ಕಂಪನಿಗೆ ಹೈದರಾಬಾದಿನಲ್ಲೂ ಶಾಖೆ ಇತ್ತು. ಆ ಕಂಪನಿ ಮಾಡಿದ "ಲೈಫ್ ಆಫ್ ಪೈ" ದೃಶ್ಯಕೌಶಲಕ್ಕೆ 2013ರ ಫೆಬ್ರವರಿಯಲ್ಲಿ ಆಸ್ಕರ್ ಬಂತು. ಅದೇ ತಿಂಗಳು, ಪ್ರಶಸ್ತಿ ಕೈಗೆ ಬರುವ ಮೊದಲೇ, ಕಂಪನಿ ದಿವಾಳಿ ಅರ್ಜಿ ಹಾಕಿತ್ತು! ಬಹುಮಾನ ಬರುವಂಥ ಕೆಲಸವೂ ಅನ್ನ ಕಾಯುವುದಿಲ್ಲ ಅಂತ ಆ ವರ್ಷ ಎಲ್ಲರಿಗೂ ಗೊತ್ತಾಯಿತು. ದಾಸೋಜ ಕಲ್ಲಿನ ಮೇಲೆ ಹೆಸರು ಕೆತ್ತಿದ. ರೋಮಿನಲ್ಲಿ ಚುಕ್ಕಿ ನೋಡಿ ಕಲ್ಲು ಕೊರೆದ ಕೂಲಿ ಶಿಲ್ಪಿಗಳ ಹೆಸರು ಪ್ರತಿಮೆಯ ಮೇಲೆ ಬರಲಿಲ್ಲ. ಸಿನಿಮಾದ ಕೊನೆಯಲ್ಲಿ ಸರಸರ ಓಡುವ ಹೆಸರುಗಳನ್ನು ನಾವು ಎದ್ದು ಬಾಗಿಲು ಹುಡುಕುವಾಗ ಯಾರೂ ಓದುವುದಿಲ್ಲ.

ಈಗ ಒಂದು ಚಿತ್ರ ಕೊಟ್ಟರೆ ಮೂರು ಆಯಾಮದ ಆಕೃತಿಯನ್ನೇ ಮಾಡಿಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ಚುಕ್ಕಿ ನೋಡಿ ಕೊರೆಯುವ ಕೂಲಿಯ ಕೆಲಸಕ್ಕೆ ಅದು ಮೊದಲು ಕೈ ಹಾಕುತ್ತೆ ಅನ್ನುವುದು ನನ್ನ ಅಂದಾಜು. ಹಾಗಾದರೆ ಉಳಿಯುವುದು ಯಾವ ಕೆಲಸ? ಯಾವ ಗೆರೆ ಬೇಡ ಅಂತ ಹೇಳಬಲ್ಲವನ ಕೆಲಸ.

ಇದಕ್ಕೆ ತೀರಾ ಇತ್ತೀಚಿನ, ನಮ್ಮವರದೇ ಉದಾಹರಣೆ ಇದೆ. ದೆಹಲಿಯ ಇಂಡಿಯಾ ಗೇಟ್ ಬಳಿಯ ಮಂಟಪದಲ್ಲಿ 2022ರ ಜನವರಿ 23ರಂದು ನೇತಾಜಿಯವರ 28 ಅಡಿ ಎತ್ತರದ ಹೊಲೊಗ್ರಾಮ್ ಬೆಳಗಿತು. ಅಂದರೆ ಮೊದಲು ಬಂದದ್ದು ಬೆಳಕಿನ ಪ್ರತಿಮೆ. ಅದೇ ಜಾಗಕ್ಕೆ ಕಲ್ಲಿನದು ಬಂದದ್ದು ಸೆಪ್ಟೆಂಬರ್ 8ರಂದು. ಕಲ್ಲು ನಮ್ಮ ತೆಲಂಗಾಣದ ಖಮ್ಮಂನದು. 280 ಟನ್ನಿನ ಕಪ್ಪು ಗ್ರಾನೈಟ್ ಬಂಡೆ 140 ಚಕ್ರಗಳ ಲಾರಿಯಲ್ಲಿ 1665 ಕಿಲೋಮೀಟರ್ ಹೋಯಿತು. ಕೆತ್ತಿದ ತಂಡದ ಮುಂದಾಳು ಮೈಸೂರಿನ ಅರುಣ್ ಯೋಗಿರಾಜ್. 26,000 ಮಾನವ ಗಂಟೆಗಳ ಕೆಲಸದ ನಂತರ ಉಳಿದದ್ದು 65 ಟನ್. ಲೆಕ್ಕ ಹಾಕಿ, ಮುಕ್ಕಾಲು ಪಾಲಿಗಿಂತ ಹೆಚ್ಚು ಕಲ್ಲು ತೆಗೆದು ಹಾಕಿದ್ದು!

ಆ ಪ್ರತಿಮೆಯಲ್ಲಿ ನೇತಾಜಿ ಸಮವಸ್ತ್ರದಲ್ಲಿ ಸೆಲ್ಯೂಟ್ ಮಾಡುತ್ತಿದ್ದಾರೆ. ಕೈ ಎತ್ತಿದಾಗ ಕೋಟಿಗೆ ಏನಾಗುತ್ತೆ? ನೀವೇ ಎತ್ತಿ ನೋಡಿ. ಕಂಕುಳಿಂದ ಎಳೆತ ಶುರುವಾಗುತ್ತೆ, ಪಕ್ಕೆಯ ಬಟ್ಟೆ ಮೇಲಕ್ಕೆ ಹೋಗುತ್ತೆ, ಮೊಣಕೈ ಒಳಗೆ ಬಟ್ಟೆ ಒತ್ತಿಕೊಳ್ಳುತ್ತೆ, ಸೊಂಟದಲ್ಲಿ ಬೆಲ್ಟು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತೆ. ನಿಜವಾದ ಕೋಟಿನಲ್ಲಿ ಇದರ ಜೊತೆಗೆ ಇನ್ನೂ ಹತ್ತಾರು ಸಣ್ಣ ಸುಕ್ಕುಗಳಿರುತ್ತವೆ. 28 ಅಡಿ ಗ್ರಾನೈಟಿಗೆ ಅವೆಲ್ಲ ಬೇಡ. ಅಷ್ಟು ಗಟ್ಟಿ ಕಲ್ಲಿನಲ್ಲಿ ಕೊರೆದ ಒಂದು ಗೆರೆಯನ್ನೂ ವಾಪಸು ತುಂಬಲಾಗುವುದಿಲ್ಲ. ಹಾಗಾಗಿ ಶಿಲ್ಪಿ ಉಳಿ ಇಡುವ ಮೊದಲೇ ಬೇಡದ್ದನ್ನು ಬಿಟ್ಟಿರಬೇಕು. ಕಂಪ್ಯೂಟರಿನಲ್ಲಿ "ಅನ್‌ಡೂ" ಇದೆ, ಅದಕ್ಕೇ ನಮ್ಮ ಹುಡುಗರಿಗೆ ಈ ಶಿಸ್ತು ಬರುವುದು ತಡ.

ಪ್ರತಿಮೆ ದೊಡ್ಡದಾದಷ್ಟೂ ಈ ಮಾತು ನಿಜ. 2018ರಲ್ಲಿ ಗುಜರಾತಿನಲ್ಲಿ ಎದ್ದ 182 ಮೀಟರಿನ ಪಟೇಲರ ಪ್ರತಿಮೆಗೆ ರಾಮ್ ಸುತಾರ್ ಮೊದಲು ಸಣ್ಣ ಮಾದರಿಗಳನ್ನು ಕೈಯಲ್ಲೇ ಮಾಡಿದರು. ಆಮೇಲೆ ತ್ರೀಡಿ ಸ್ಕ್ಯಾನ್, ಆಮೇಲೆ ಕಂಚಿನ ತಗಡು. ಮನುಷ್ಯನ ನೂರು ಪಟ್ಟು ಎತ್ತರ. ನಿಮ್ಮ ಧೋತರದ ಒಂದು ಸೆಂಟಿಮೀಟರ್ ಸುಕ್ಕು ಅಲ್ಲಿ ಒಂದು ಮೀಟರ್! ಸ್ಕ್ಯಾನರು ಮಾದರಿಯಲ್ಲಿ ಇದ್ದದ್ದನ್ನು ತಪ್ಪದೆ ನಕಲು ಮಾಡುತ್ತೆ, ಇರಬಾರದ್ದನ್ನೂ ಸೇರಿಸಿ. ನಮ್ಮೂರಲ್ಲೇ 2023ರ ಏಪ್ರಿಲ್ 14ರಂದು ಅನಾವರಣಗೊಂಡ 125 ಅಡಿಯ ಅಂಬೇಡ್ಕರ್ ಪ್ರತಿಮೆ ಇದೆ. ಮುಂದಿನ ಸಲ ಹುಸೇನ್ ಸಾಗರದ ಕಡೆ ಹೋದಾಗ ಅವರ ಕೋಟನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ನೋಡಿ. ಯಾವ ಗೆರೆ ದೂರಕ್ಕೂ ಉಳಿಯುತ್ತೆ ಅಂತ ಎಣಿಸಿ.

ಕಲಿಯುವ ಹುಡುಗರಿಗೆ ಇದರಿಂದ ನಾನು ಹೇಳುವುದಿಷ್ಟು. ಮೊದಲು ಬಟ್ಟೆ ಇಲ್ಲದ ಮೈ ಸರಿ ಮಾಡಿ, ಗೊಮ್ಮಟನ ಪಾಠ. ಪಾಲಿಗನ್ನುಗಳು ಕಡಿಮೆ ಇರುವಾಗಲೇ ದೊಡ್ಡ ಮಡಿಕೆ ಇಡಿ, ಹೆಚ್ಚಿಸಿದ ಮೇಲೆ ಹುಡುಕಬೇಡಿ. ಬಟ್ಟೆ ಎಲ್ಲೆಲ್ಲಿ ಸಿಕ್ಕಿಕೊಂಡಿದೆ ಅಂತ ಚುಕ್ಕಿ ಗುರುತು ಮಾಡಿ: ಭುಜ, ಕಂಕುಳು, ಮೊಣಕೈ, ಸೊಂಟ, ಮೊಣಕಾಲು. ಪ್ರತಿ ಮಡಿಕೆಯೂ ಅಂಥ ಒಂದು ಚುಕ್ಕಿಯಿಂದ ಹುಟ್ಟಲಿ, ಎಲ್ಲೋ ಒಂದು ಕಡೆ ಸಾಯಲಿ. ಒಂದೇ ದಪ್ಪ ಬೇಡ. ಬಟ್ಟೆಯ ಅಂಚಿಗೆ ಭಾರ ಕೊಡಿ, ಅಮರಾವತಿಯವರ ಹಾಗೆ. ಅಂಚು, ಹೊಲಿಗೆ ದಪ್ಪ ಕಂಡರೆ ಅರ್ಧ ಕೆಲಸ ಮುಗಿಯಿತು. ಬಿಗಿಯಾದ ಕಡೆ ನುಣುಪಾಗಿ ಬಿಡಲು ಧೈರ್ಯ ಮಾಡಿ. ಸಿಮ್ಯುಲೇಶನ್ ಓಡಿಸುವುದು ತಪ್ಪೇನಲ್ಲ, ಲಿಯೊನಾರ್ಡೊನೂ ಓಡಿಸಿದ. ಆದರೆ ಅದು ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲು ಅಳಿಸಿ ನೋಡಿ. ಅಳಿಸಿದ ಮೇಲೂ ಅಂಗಿ ಅಂಗಿಯಾಗಿಯೇ ಉಳಿದರೆ ಇನ್ನೂ ಅಳಿಸಿ. ಯಾವಾಗ ಅದು ಅಂಗಿಯಾಗಿ ಕಾಣುವುದು ನಿಲ್ಲುತ್ತೋ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬನ್ನಿ.

ಇದನ್ನು ಕಲಿಯಲು ದುಡ್ಡು ಬೇಡ, ಅಮೀರ್‌ಪೇಟೆಯ ಕೋರ್ಸೂ ಬೇಡ. ಕುರ್ಚಿಯ ಮೇಲೆ ಒಂದು ಅಂಗಿ ಎಸೆದು, ಒಂದೇ ಕಡೆಯಿಂದ ದೀಪ ಹಚ್ಚಿ, ಹತ್ತೇ ಗೆರೆಯಲ್ಲಿ ಅದನ್ನು ಕಾಗದದ ಮೇಲೆ ಬರೆಯಿರಿ. ಮರುದಿನ ಏಳು ಗೆರೆಯಲ್ಲಿ. ಅದರ ಮರುದಿನ ಐದರಲ್ಲಿ. ಐದರಲ್ಲಿ ಬಂದ ದಿನ ಕಂಪ್ಯೂಟರ್ ಹಚ್ಚಿ.